ಸ್ಯಾಪಿಂಡೇಸಿ: ಅಂಟುವಾಳದ ಕುಟುಂಬ

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಬೈರಕೂರು ಆಂಧ್ರದ ಗಡಿಗೆ ಹತ್ತಿರದ ಹೋಬಳಿ. ಎಣ್ಣೆಸ್ನಾನದ ದಿನ ಬಚ್ಚಲಿಗೆ ಬರುವ ಕಾಯಿಗೆ ಈ ಸೀಮೆಯ ಕನ್ನಡದ ಮನೆಗಳಲ್ಲಿ ಅಂಟುವಾಳ ಎಂದರೆ, ತೆಲುಗಿನ ಮನೆಗಳಲ್ಲಿ ಕುಂಕುಡುಕಾಯಿ. ಸುಮಾರು 140 ಕುಲ, 1,900ರಷ್ಟು ಪ್ರಭೇದಗಳಿರುವ ಸಸ್ಯಕುಟುಂಬವೊಂದು ಸ್ಯಾಪಿಂಡೇಸಿ ಎಂಬ ಹೆಸರು ಪಡೆದದ್ದು ಈ ಮರದ ಕುಲದಿಂದಲೇ.

ಹೆಸರಿಗಿಂತ ನೊರೆ ಬಹಳ ಹಳೆಯದು. ಸಂಸ್ಕೃತದಲ್ಲಿ ಇದು ಅರಿಷ್ಟಕ, ಫೇನಿಲ. ಬಟ್ಟೆಗಳ ಶುದ್ಧಿಯನ್ನು ವಿವರಿಸುವ ಮನುಸ್ಮೃತಿಯ 5ನೇ ಅಧ್ಯಾಯ ಕಂಬಳಿ ತೊಳೆಯಲು ಅರಿಷ್ಟಕವನ್ನು ಹೇಳುತ್ತದೆ. ಕಾಯಿ ಜಜ್ಜಿ, ಗಟ್ಟಿ ಕರಿಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ ಕಿವುಚಿದರೆ ನೊರೆ ಏಳುತ್ತದೆ. ಅದು ಸಿಪ್ಪೆಯಲ್ಲಿರುವ ಸಪೋನಿನ್‌ನ ಕೆಲಸ. ಸಾಬೂನಿನ ಕ್ಷಾರವಿಲ್ಲದ ಈ ನೊರೆಯಲ್ಲಿ ರೇಷ್ಮೆಸೀರೆ ಒಗೆಯುತ್ತಿದ್ದರು, ಅಕ್ಕಸಾಲಿಗರು ಒಡವೆ ತೊಳೆಯುತ್ತಿದ್ದರು. ಕಣ್ಣಿಗೆ ಬಿದ್ದರೆ ಮಾತ್ರ ವಿಪರೀತ ಉರಿ. ಮೀನಿಗಂತೂ ಸಪೋನಿನ್ ವಿಷ. 1918ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನು ಬಂದಮೇಲೂ ಅಂಟುವಾಳ ಗ್ರಂದಿಗೆ ಅಂಗಡಿ ಬಿಟ್ಟು ಹೋಗಲಿಲ್ಲ.

ದಕ್ಷಿಣ ಭಾರತದ ಈ ಮರಕ್ಕೆ ಸ್ಯಾಪಿಂಡಸ್ ಟ್ರೈಫೋಲಿಯೇಟಸ್ ಎಂದು 1753ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಕುಲನಾಮದ ಅರ್ಥ ಭಾರತದ ಸಾಬೂನು. 1789ರಲ್ಲಿ ಫ್ರಾನ್ಸಿನ ಜುಸ್ಯೂ ಈ ಕುಟುಂಬವನ್ನು ಗುರುತಿಸಿದ. ಮ್ಯೂನಿಕ್‌ನ ರಾಡ್ಲ್‌ಕೋಫರ್ ಎಂಬ ಸಸ್ಯಶಾಸ್ತ್ರಜ್ಞ ಇದರ ಅಧ್ಯಯನದಲ್ಲೇ ಆಯುಷ್ಯದ ಬಹುಪಾಲು ಕಳೆದು 1927ರಲ್ಲಿ ತೀರಿಕೊಂಡ. ಅವನ ಮಹಾಗ್ರಂಥ ಅಚ್ಚಾಗಿ ಬಂದದ್ದು 1931–34ರಲ್ಲಿ. 1998ರ ಹೊತ್ತಿಗೆ ಡಿಎನ್ಎ ಆಧಾರದ ವರ್ಗೀಕರಣ ಮೇಪಲ್ ಮರಗಳನ್ನೂ ಇದೇ ಕುಟುಂಬಕ್ಕೆ ತಂದಿತು.

ಆದರೆ ಕೋಲಾರದ ಬಂಡೆಗುಡ್ಡಗಳಲ್ಲಿ ಕುಟುಂಬದ ನಿಜವಾದ ಪ್ರತಿನಿಧಿ ಅಂಟುವಾಳವಲ್ಲ, ಬಂದರೆ ಎಂಬ ಗಿಡ. ಗಡಿಯಾಚೆ ಅದೇ ಬಂದಾರು. ಎಲೆಯ ಮೇಲೆ ಅಂಟಂಟು ರಾಳವಿರುವುದರಿಂದ ಮೇಕೆಗಳೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೂವಿಗೆ ದಳವಿಲ್ಲ, ಪರಾಗ ಸಾಗಿಸುವುದು ಗಾಳಿ. ಕಾಗದದಂಥ ರೆಕ್ಕೆಗಳ ಕಾಯಿಯೂ ಗಾಳಿಯಲ್ಲೇ ಹಾರುತ್ತದೆ. ಮಳೆ ಕಡಿಮೆಯಾದರೂ, ಮಣ್ಣು ತೆಳುವಾದರೂ ಬದುಕುತ್ತದೆ. ಬೇಲಿಗೆ, ಸೌದೆಗೆ, ಹೊಲದ ಹಸಿರುಗೊಬ್ಬರಕ್ಕೆ ರೈತರು ಇದನ್ನೇ ಕಡಿದು ತಂದರು. ಬಂಜರಿನ ಗಿಡವೆಂದು ಇದನ್ನು ಕಡೆಗಣಿಸುವುದು ಅನ್ಯಾಯ: ಬೋಳು ಗುಡ್ಡದ ಮಣ್ಣು ಹಿಡಿದಿಡುವ ಬೇರು ಇದರದು.

ಬೇಲಿಗೆ ಹಬ್ಬುವ ಅಗ್ನಿಬಳ್ಳಿಯೂ ಈ ಬಳಗದ್ದೇ; ಅದರ ಕಪ್ಪು ಬೀಜದ ಮೇಲೆ ಹೃದಯದಾಕಾರದ ಬಿಳಿ ಗುರುತಿರುತ್ತದೆ. ಹಣ್ಣಿನ ಕಡೆಯಿಂದ ಲಿಚಿ, ರಂಬುಟಾನ್ ನೆಂಟರು. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಅರ್ಕಾ ಕೂರ್ಗ್ ಅರುಣ್, ಅರ್ಕಾ ಕೂರ್ಗ್ ಪೀತಾಬ್ ಎಂಬ ಎರಡು ರಂಬುಟಾನ್ ತಳಿಗಳನ್ನು ಹೊರತಂದಿದೆ. ಮೊದಲನೆಯದರ ಹಣ್ಣು ಕೆಂಪು, ಎರಡನೆಯದರದು ಹಳದಿ.