ಬಳ್ಳಿಗಾವಿಯ ಅಂಗಡಿ, ಆನವಟ್ಟಿಯ ಸಂತೆ: ಬನವಾಸಿ ನಾಡಿನ ಒಂದು ಮಾರುಕಟ್ಟೆಯ ಏಳುಬೀಳು

ಆನವಟ್ಟಿಯಿಂದ ಶಿರಾಳಕೊಪ್ಪದ ರಸ್ತೆ ಹಿಡಿದರೆ ಸುಮಾರು 25 ಕಿಲೋಮೀಟರಿನಲ್ಲಿ ಬಳ್ಳಿಗಾವಿ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳು, ಒಡೆದ ಶಿಲ್ಪಗಳನ್ನು ಕೂಡಿಟ್ಟ ಒಂದು ಸಂಗ್ರಹಾಲಯ, ಕೆರೆ, ಗದ್ದೆ, ನಡುವೆ ಒಂದು ಸಾಧಾರಣ ಹಳ್ಳಿ. ಇಷ್ಟೇ ಈಗ ಕಣ್ಣಿಗೆ ಬೀಳುವುದು. ಮದುವೆಯ ಜವಳಿ ತೆಗೆಯಬೇಕಾದರೆ ಊರವರು ಶಿರಾಳಕೊಪ್ಪಕ್ಕೋ ಶಿಕಾರಿಪುರಕ್ಕೋ ಹೋಗಬೇಕು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಮಾತು ಬೇರೆಯಾಗಿತ್ತು. ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ಆಡಳಿತ ಇಲ್ಲಿಂದ ನಡೆಯುತ್ತಿತ್ತು. ಜಿಡ್ಡುಳಿಗೆ ಎಪ್ಪತ್ತು, ನಾಗರಖಂಡ ಎಪ್ಪತ್ತು ನಾಡುಗಳ ಜನ ಕೊಳ್ಳುವುದಕ್ಕೂ ಮಾರುವುದಕ್ಕೂ ಇಲ್ಲಿಗೇ ಬರುತ್ತಿದ್ದರು. ಅಂಥ ಪೇಟೆ ಪೂರ್ತಿ ಅಳಿದುಹೋಗಿ, ಅದರ ನೆರಳಿನಲ್ಲಿದ್ದ ಸಣ್ಣ ಊರುಗಳ ವಾರದ ಸಂತೆ ಮಾತ್ರ ಉಳಿದದ್ದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಬಳ್ಳಿಗಾವಿಯ ಪೇಟೆಯನ್ನು ದಾಳಿಕಾರರು ಕೆಡವಿದರು ಎಂಬ ರೂಢಿಯ ಉತ್ತರ ಸಾಲದು. ಆ ಪೇಟೆ ಕೆಲವೇ ದೊಡ್ಡ ಕೊಳ್ಳುಗರ ಮೇಲೆ ನಿಂತಿತ್ತು, ಅವರು ಬಡವಾದಾಗ ಅದೂ ಸೊರಗಿತು ಎಂಬುದು ನನ್ನ ವಾದ.

ಆಧಾರಗಳ ಬಗ್ಗೆ ಮೊದಲು ಒಂದು ಮಾತು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರ ತಾಲ್ಲೂಕಿನ, ಎಂಟನೆಯ ಸಂಪುಟದಲ್ಲಿ (1904) ಸೊರಬ ತಾಲ್ಲೂಕಿನ ಶಾಸನಗಳನ್ನು ಪ್ರಕಟಿಸಿದರು. ಈ ಸೀಮೆಯ ಆರ್ಥಿಕ ಚರಿತ್ರೆ ಬರೆಯುವವರೆಲ್ಲ ಇಂದಿಗೂ ಅಲ್ಲಿಂದಲೇ ಹೊರಡಬೇಕು. ಆದರೆ ಶಾಸನ ದಾನಪತ್ರವೇ ಹೊರತು ಲೆಕ್ಕದ ಪುಸ್ತಕವಲ್ಲ. ಯಾವ ಸುಂಕವನ್ನು ಬಿಟ್ಟುಕೊಟ್ಟರು, ಯಾವ ದೇವರಿಗೆ ಬಿಟ್ಟುಕೊಟ್ಟರು ಎಂದು ಅದು ಹೇಳುತ್ತದೆ. ಮೆಣಸಿನ ಧಾರಣೆ ಎಷ್ಟಿತ್ತು, ಯಾವ ಅಂಗಡಿ ಮುಚ್ಚಿತು ಎಂದು ಹೇಳುವುದಿಲ್ಲ. ಏಳಿಗೆಗೆ ಕಲ್ಲು ಸಾಕ್ಷಿ ಉಂಟು, ಇಳಿತಕ್ಕೆ ಇರುವುದು ಕಲ್ಲಿನ ಮೌನವೇ. ಆ ಮೌನವನ್ನು ಓದುವಾಗ ಎಚ್ಚರ ಬೇಕು.

ಏಳಿಗೆಯ ಸಾಕ್ಷ್ಯಗಳಲ್ಲಿ ತಲೆಮಾರುಗಳಿಂದ ವಿದ್ವಾಂಸರು ಮತ್ತೆ ಮತ್ತೆ ಎತ್ತಿ ತೋರಿಸಿದ್ದು ಶಿಕಾರಿಪುರ 118ನೆಯ ಶಾಸನ. ಕಾಲ ಸುಮಾರು 1054. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಪ್ರಶಸ್ತಿ ಅದರಲ್ಲಿ ವಿಸ್ತಾರವಾಗಿದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳಗಳವರೆಗೆ ನೆಲದ ದಾರಿ ಜಲದ ದಾರಿಗಳಲ್ಲಿ ಸುತ್ತಿದವರು, ಆನೆ ಕುದುರೆ ಮಾರುವವರು, ನೀಲ ಮುತ್ತು ಮಾಣಿಕ ವಜ್ರ ಹವಳಗಳ ವ್ಯಾಪಾರಿಗಳು, ಏಲಕ್ಕಿ ಲವಂಗ ಗಂಧ ಕರ್ಪೂರ ಕಸ್ತೂರಿ ಕೇಸರಿಗಳನ್ನು ತಂದವರು ಎಂದು ಅವರ ವರ್ಣನೆ. ಹೊಗಳಿಕೆಯ ಭಾಷೆಯಲ್ಲಿ ಅರ್ಧ ಕಳೆದರೂ ಉಳಿಯುವುದು ಕಡಿಮೆಯಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಪ್ರಶಸ್ತಿಯ ಒಂದು ಸಣ್ಣ ವಿವರ: ಇವರಲ್ಲಿ ಸಗಟು ಮಾರುವವರೂ ಇದ್ದರು, ಹೆಗಲ ಮೇಲೆ ಸರಕು ಹೊತ್ತು ಊರೂರು ಸುತ್ತಿ ಮಾರುವವರೂ ಇದ್ದರು. ಒಂದೇ ಸಂಘದೊಳಗೆ ಎರಡು ಬಗೆಯ ವ್ಯಾಪಾರ. ಕೊನೆಗೆ ಬದುಕುಳಿದದ್ದು ಎರಡನೆಯ ಬಗೆ.

ಇಷ್ಟು ದುಬಾರಿ ಸರಕನ್ನು ಬಳ್ಳಿಗಾವಿಯಲ್ಲಿ ಕೊಳ್ಳುತ್ತಿದ್ದವರು ಯಾರು? ಭತ್ತ ಬೆಳೆಯುವ ಒಕ್ಕಲಿಗ ಕಸ್ತೂರಿ ಕೊಳ್ಳುವುದಿಲ್ಲ. ಕೊಳ್ಳುಗರು ಮಠಗಳು, ಗುಡಿಗಳು, ದಂಡನಾಯಕರ ಮನೆಗಳು, ಅರಸರ ಬೀಡು. ಊರಿನಲ್ಲಿ ಏಳು ಬ್ರಹ್ಮಪುರಿಗಳೂ ಹರಿ, ಹರ, ಬ್ರಹ್ಮ, ಜಿನ, ಬುದ್ಧರಿಗೆ ಸೇರಿದ ಐದು ಮಠಗಳೂ ಇದ್ದವೆಂದು ಶಾಸನಗಳು ಹೇಳುತ್ತವೆ. 1065ರ ಸುಮಾರಿಗೆ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಕೇದಾರೇಶ್ವರಕ್ಕೆ ಹೊಂದಿದ ಕಾಳಾಮುಖ ಶೈವರ ಕೋಡಿಯಮಠದ ಬಗ್ಗೆ 1162ರ ಶಾಸನವನ್ನು (ಶಿಕಾರಿಪುರ 102) ನೋಡಬೇಕು. ವೇದ, ವ್ಯಾಕರಣ, ದರ್ಶನಗಳ ಪಾಠ, ಕುರುಡರಿಗೆ, ಕಿವುಡರಿಗೆ, ನಟರಿಗೆ, ಗಾಯಕರಿಗೆ, ಜೈನ ಕ್ಷಪಣಕರಿಗೆ, ಏಕದಂಡಿ ತ್ರಿದಂಡಿಗಳಿಗೆ ಅನ್ನ, ರೋಗಿಗಳಿಗೆ ಮದ್ದು. ಧರ್ಮದ ಚರಿತ್ರೆಕಾರರು ಇದನ್ನು ಸಮನ್ವಯದ ನಿದರ್ಶನವಾಗಿ ಓದಿದ್ದಾರೆ. ಸಂತೆಯ ಕಣ್ಣಿನಿಂದ ಓದಿದರೆ ಕಾಣುವುದು ದಿನಕ್ಕೆ ಎರಡು ಹೊತ್ತು ತಪ್ಪದೆ ಅಕ್ಕಿ, ಬೇಳೆ, ತುಪ್ಪ, ಎಣ್ಣೆ, ಔಷಧಿ ಕೊಳ್ಳುವ ಒಬ್ಬ ಭಾರಿ ಗಿರಾಕಿ. ಅದೇ ವರ್ಷ ಕಳಚುರಿ ಬಿಜ್ಜಳ ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ. ಬೀಡು ಬಂತೆಂದರೆ ಊರಿನ ಖರ್ಚು ಎಷ್ಟು ಪಟ್ಟು ಏರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮನರಂಜನೆಗೂ ಅಲ್ಲಿ ಕೆಲಸವಿತ್ತು. ಹರಿಹರ ಕವಿಯ ಪ್ರಭುದೇವರ ರಗಳೆ ಅಲ್ಲಮನನ್ನು ಬಳ್ಳಿಗಾವಿಯ ನಾಗವಾಸದ ಅಧಿಪತಿಯ ಮಗನನ್ನಾಗಿ, ಮದ್ದಳೆಯ ಜಾಣನನ್ನಾಗಿ ಚಿತ್ರಿಸುತ್ತದೆ. ಕಾವ್ಯದ ಮಾತು ಹಾಗೇ ಇರಲಿ. ನಾಟ್ಯ, ವಾದ್ಯಗಳಿಂದ ಹೊಟ್ಟೆ ಹೊರೆಯುವ ಒಂದು ವರ್ಗವೇ ಇದ್ದ ಊರೆಂದು ಹದಿಮೂರನೆಯ ಶತಮಾನದ ಕವಿಗೆ ತೋರಿತ್ತು ಎಂಬುದು ನಮಗೆ ಸಾಕು.

ಪೇಟೆಯ ಇನ್ನೊಂದು ಆಸರೆ ಆಡಳಿತದ್ದು. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಊರಲ್ಲಿದೆ. ಭೂಮಿ ಅಳೆಯುವ ಗಳೆಗೂ ಭೇರುಂಡನ ಹೆಸರೇ ಬಂದದ್ದನ್ನು ಇಲ್ಲಿನ ಶಾಸನಗಳಲ್ಲಿ ಕಾಣುತ್ತೇವೆ. ಅಳತೆಗೆ ಅರಸನ ಮುದ್ರೆ ಬಿದ್ದ ಕಡೆ ಕೊಡುಕೊಳ್ಳುವವರಿಗೆ ಧೈರ್ಯ. ವಡ್ಡರಾವುಳ, ಪೆರ್ಜುಂಕ, ಬಿಲ್ಕೊಡೆ, ಪನ್ನಾಯ ಎಂಬ ಸುಂಕಗಳ ಅಧಿಕಾರಿಗಳು ತಮ್ಮ ವಸೂಲಿಯಿಂದ ದೇವರಿಗೆ ಬಿಟ್ಟುಕೊಟ್ಟ ದಾನಗಳು ಹಲವು. ಅಂದರೆ ಹೇರಿನ ಎತ್ತು ಊರೊಳಗೆ ಬಂದಾಗ ತೆತ್ತ ಸುಂಕದ ಒಂದು ಪಾಲು ಗುಡಿಗೆ ಹೋಗಿ, ಗುಡಿಯ ಖರ್ಚಾಗಿ ತಿರುಗಿ ಅಂಗಡಿಗೇ ಬರುತ್ತಿತ್ತು. ಇತಿಹಾಸಕಾರ ಜಿ. ಎಸ್. ದೀಕ್ಷಿತ್ ಅವರ ಕಾಲದಿಂದ ಅಯ್ಯಾವೊಳೆಯಂಥ ಸಂಘಗಳನ್ನು ಸ್ಥಳೀಯ ಸ್ವಾಯತ್ತತೆಯ ನಿದರ್ಶನಗಳಾಗಿ ನೋಡುವ ರೂಢಿ ಬಲವಾಗಿದೆ. ಬಳ್ಳಿಗಾವಿಯ ಮಟ್ಟಿಗೆ ಆ ಸ್ವಾಯತ್ತತೆ ಅರಸೊತ್ತಿಗೆಯ ನೆರಳಿನದೇ ಎಂದು ನಾನು ತಿಳಿಯುತ್ತೇನೆ.

ಇಲ್ಲಿ ಇಂದಿನ ಮಾಲ್‌ಗಳ ಅರ್ಥಶಾಸ್ತ್ರ ನೆರವಿಗೆ ಬರುತ್ತದೆ. 1956ರ ಅಕ್ಟೋಬರಿನಲ್ಲಿ ಅಮೆರಿಕದ ಮಿನಿಯಾಪೊಲಿಸ್ ಹೊರವಲಯದ ಎಡೈನಾದಲ್ಲಿ ವಿಕ್ಟರ್ ಗ್ರುಯೆನ್ ರೂಪಿಸಿದ ಸೌತ್‌ಡೇಲ್ ತೆರೆಯಿತು. ಸೂರಿನಡಿಯ ಉಪನಗರದ ಮಾಲ್‌ಗೆ ಅದೇ ಮಾದರಿಯಾಯಿತು. ಅದರ ಗುಟ್ಟು ಸರಳ: ಎರಡು ತುದಿಗಳಲ್ಲಿ ಎರಡು ದೊಡ್ಡ ಮಳಿಗೆ, ಅವುಗಳ ನಡುವಿನ ಓಣಿಯಲ್ಲಿ ಸಣ್ಣ ಅಂಗಡಿಗಳ ಸಾಲು. ಇಂಥ ಮಾಲ್‌ಗಳಲ್ಲಿ ದೊಡ್ಡ ಮಳಿಗೆಗೆ ಚದರಡಿ ಬಾಡಿಗೆ ಕಡಿಮೆ, ಏಕೆಂದರೆ ಜನರನ್ನು ಎಳೆದು ತರುವುದು ಅದೇ. ಸಣ್ಣವರು ಆ ಜನಸಂದಣಿಗಾಗಿ ಹೆಚ್ಚು ತೆರುತ್ತಾರೆ. ಬಳ್ಳಿಗಾವಿಯ ಮಠಕ್ಕೆ ಸರ್ವಮಾನ್ಯ (ತೆರಿಗೆಯಿಲ್ಲದ ದತ್ತಿ), ಹೇರಿನವನಿಗೆ ಸುಂಕ ಎಂಬ ಏರ್ಪಾಡಿನ ಒಳಲೆಕ್ಕವೂ ಇದೇ. ದೊಡ್ಡ ಮಳಿಗೆ ಬಾಗಿಲು ಹಾಕಿದರೆ ಓಣಿಯ ಅಂಗಡಿಗಳು ಒಂದೊಂದಾಗಿ ಖಾಲಿಯಾಗುವುದನ್ನು ಅಮೆರಿಕದ ಊರೂರುಗಳಲ್ಲಿ ಜನ ನೋಡಿದ್ದಾರೆ. ನಮ್ಮಲ್ಲಿ, ಬೆಂಗಳೂರಿನಲ್ಲಿ, ಕೋರಮಂಗಲದ ಫೋರಂ 2004ರಲ್ಲಿ, ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ 2010ರಲ್ಲಿ ಬಂದವು; ಎರಡನೆಯದಕ್ಕೆ ಆಸ್ತಿ ತೆರಿಗೆ ಬಾಕಿಯ ಕಾರಣ ಪಾಲಿಕೆ ಬೀಗ ಹಾಕಿದ್ದು ಒಂದೇ ಸಲವಲ್ಲ. ಸರ್ವಮಾನ್ಯ ಕೊಡುವ ಅರಸರು ಈಗ ಇಲ್ಲ.

ಇಳಿತ ಒಂದೇ ದಿನದ್ದಲ್ಲ. ಮೊದಲ ಸುಳಿವು ಏಳಿಗೆಯ ನಡುವೆಯೇ ಸಿಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳಿವೆ. ಊರಿನ ಅತ್ಯುತ್ತಮ ಕೈಗಳು ಹೊಸ ಹಣವಿದ್ದ ಕಡೆಗೆ ಆಗಲೇ ನಡೆದಿದ್ದವು. 1190ರ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ಆಳ್ವಿಕೆ ಮುಗಿಯಿತು. ಬನವಾಸಿ ನಾಡು ಹೊಯ್ಸಳ, ಸೇವುಣರ ನಡುವೆ ಕಾದಾಟದ ನೆಲವಾಯಿತು. ಆದರೂ ಸೇವುಣ ಸಿಂಘಣನ ಶಾಸನಗಳು ಹದಿಮೂರನೆಯ ಶತಮಾನದಲ್ಲೂ ಬಳ್ಳಿಗಾವಿಯಲ್ಲಿ ಸಿಗುತ್ತವೆ. ಪೇಟೆ ಅಷ್ಟರಮಟ್ಟಿಗೆ ಉಸಿರಾಡುತ್ತಿತ್ತು. 1311ರಲ್ಲಿ ಮಲಿಕ್ ಕಾಫರ್‌ನ ದೆಹಲಿ ಸೇನೆ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಬಂದದ್ದನ್ನೇ ಬಳ್ಳಿಗಾವಿಯ ಅಂತ್ಯವೆಂದು ಹೇಳುವುದು ಸುಲಭ. ದಾಳಿಯ ಪೆಟ್ಟು ಇಲ್ಲವೆನ್ನಲಾರೆ. ಆದರೆ ಕೊಳ್ಳೆಹೋದ ಪೇಟೆಗಳು ಮತ್ತೆ ಎದ್ದ ಉದಾಹರಣೆ ನಮ್ಮ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಬಳ್ಳಿಗಾವಿ ಏಳಲಿಲ್ಲ, ಏಕೆಂದರೆ ಎಬ್ಬಿಸುವ ಗಿರಾಕಿ ತಿರುಗಿ ಬರಲಿಲ್ಲ.

ಮುಂದೆ ಬಂದ ಅರಸರು ದಾರಿಯನ್ನೇ ಬದಲಿಸಿದರು. 1500ರ ಆಸುಪಾಸಿನಲ್ಲಿ ಕೆಳದಿಯಲ್ಲಿ ನಾಯಕರು ತಲೆಯೆತ್ತಿದರು. ರಾಜಧಾನಿ ಇಕ್ಕೇರಿಗೆ, ಆಮೇಲೆ ಬಿದನೂರಿಗೆ ಸರಿಯಿತು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಬಂದದ್ದು ಇಕ್ಕೇರಿಗೆ. ಮೆಣಸು, ಅಕ್ಕಿ ಘಟ್ಟ ಇಳಿದು ಹೊನ್ನಾವರ, ಬಸ್ರೂರುಗಳ ಕಡೆ ಹರಿದವು. ಕಲ್ಯಾಣದ ಕಡೆಗೆ ಮುಖ ಮಾಡಿ ಕೂತಿದ್ದ ಬಳ್ಳಿಗಾವಿಗೆ ಈ ಪಡುವಣ ದಾರಿಯಲ್ಲಿ ಪಾತ್ರವಿರಲಿಲ್ಲ.

ಈಗ ಆನವಟ್ಟಿ. ಊರಿಗೆ ತಾಗಿದಂತಿರುವ ಕೋಟಿಪುರದ ಕೈಟಭೇಶ್ವರ ಗುಡಿ ಸುಮಾರು 1100ರದು. ಪಕ್ಕದ ಕುಬಟೂರಿನಲ್ಲಿ 1077ರ ಸುಮಾರಿಗೆ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥ ಬಸದಿ ಕಟ್ಟಿಸಿದಳು. ಅಂದರೆ ಈ ಮಗ್ಗುಲಲ್ಲೂ ಗುಡಿಯನ್ನು ನಚ್ಚಿದ ಒಂದು ಪೇಟೆ ಇದ್ದಿರಬೇಕು, ಅದೂ ಬಳ್ಳಿಗಾವಿಯಂತೆಯೇ ಕರಗಿರಬೇಕು. ಇದು ನನ್ನ ಊಹೆ. ಉಳಿದದ್ದು ಮಾತ್ರ ಊಹೆಯಲ್ಲ: ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಗೆರೆಯ ಮೇಲೆ ಆನವಟ್ಟಿ ಇದೆ. ತೆಂಕಲಿನ ಅಡಿಕೆ, ಬಾಳೆ, ಭತ್ತಕ್ಕೆ ಬಡಗಲಿನ ಜೋಳ, ಮೆಣಸಿನಕಾಯಿ, ಹತ್ತಿ ಎದುರಾಗುವ ಜಾಗ ಇದು. ಯಾವ ಅರಸನ ಅಪ್ಪಣೆಯೂ ಇಲ್ಲದೆ ಇಂಥ ಕಡೆ ಸಂತೆ ಕೂಡುತ್ತದೆ. ಅದಕ್ಕೆ ಕಟ್ಟಡ ಬೇಡ, ದೊಡ್ಡ ಗಿರಾಕಿ ಬೇಡ. ಸಾವಿರ ಜನ ಚಿಲ್ಲರೆ ಕೊಂಡರೆ ಸಾಕು. ಒಬ್ಬ ವ್ಯಾಪಾರಿ ಬಾರದಿದ್ದರೆ ಅವನ ಜಾಗದಲ್ಲಿ ಇನ್ನೊಬ್ಬ ಗೋಣಿತಾಟು ಹಾಸುತ್ತಾನೆ. ಅಯ್ಯಾವೊಳೆಯ ಪ್ರಶಸ್ತಿಯ ಹೆಗಲ ಮೇಲೆ ಹೊತ್ತು ಮಾರುವವರ ವಂಶ ಇಲ್ಲಿ ಮುಂದುವರಿದಿದೆ ಎನ್ನಬಹುದು, ಗೂಡ್ಸ್ ಆಟೋ ಬಂದಿದೆ ಅಷ್ಟೆ.

ಸೌತ್‌ಡೇಲ್ ತೆರೆದ ಮರುತಿಂಗಳೇ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಿಂದ ಆನವಟ್ಟಿಯ ಬದಿಯ ಒಂದು ಗಡಿ ಅಳಿಸಿಹೋಯಿತು. ಅಲ್ಲಿಯವರೆಗೆ ಸೊರಬ ತಾಲ್ಲೂಕು ಮೈಸೂರಿನದು, ಹಾನಗಲ್ಲು ಮತ್ತು ಬನವಾಸಿ ಮುಂಬಯಿ ರಾಜ್ಯದವು. ಗಡಿ ಹೋದ ಮೇಲೆ ಸಂತೆಯ ಹರವು ಹೆಚ್ಚಿತೇ ಹೊರತು ಕುಗ್ಗಲಿಲ್ಲ ಎಂದೇ ನನ್ನ ಎಣಿಕೆ. ರೈಲು ಈ ಕಡೆ ಬರಲಿಲ್ಲ: 1899ರಲ್ಲಿ ಶಿವಮೊಗ್ಗಕ್ಕೆ ಬಂದ ಹಳಿ ಮುಂದೆ ಸಾಗರ, ತಾಳಗುಪ್ಪಗಳ ಕಡೆ ಹೊರಳಿತು. ಶುಂಠಿ, ಅನಾನಸ್, ಮೆಕ್ಕೆಜೋಳದಂಥ ಬೆಳೆಗಳು ಲಾರಿಯಲ್ಲಿ ಹೊರಗೆ ಹೋಗತೊಡಗಿದ ಮೇಲೆ ದೊಡ್ಡ ಹಣದ ವಹಿವಾಟು ಸಂತೆಯಿಂದ ತಪ್ಪಿ ಮಂಡಿಗಳಿಗೆ ಸೇರಿದ್ದು ನಿಜ. ತರಕಾರಿ, ಒಣಮೀನು, ಹಗ್ಗ, ಕುಡಗೋಲು, ಸಿದ್ಧ ಉಡುಪಿನ ವ್ಯಾಪಾರ ಉಳಿದಿದೆ.

ಪಂಚಾಯತಿಗಳು ವರ್ಷವರ್ಷ ಸಂತೆ ಸುಂಕವನ್ನು ಹರಾಜು ಹಾಕುತ್ತವೆ. ಅದರ ಕಡತಗಳಲ್ಲಿ ಹರಾಜಿನ ಮೊತ್ತ, ಹಿಡಿದವರ ಹೆಸರು, ಸರಕಿನ ದರಪಟ್ಟಿ ಇರುತ್ತವೆ. ಬಳ್ಳಿಗಾವಿಯ ವಡ್ಡರಾವುಳದ ಶಾಸನಗಳು ಹೇಳದೆ ಬಿಟ್ಟ ಲೆಕ್ಕ ಅಲ್ಲಿ ಸಿಗಬಲ್ಲದು. ಆನವಟ್ಟಿ, ಶಿರಾಳಕೊಪ್ಪ, ಸೊರಬಗಳ ಇಂಥ ಹಳೆಯ ಕಡತಗಳು ರದ್ದಿಗೆ ಹೋಗುವ ಮೊದಲು ಅವುಗಳ ಪ್ರತಿ ತೆಗೆದಿಡುವ ಕೆಲಸವನ್ನು ಜಿಲ್ಲೆಯ ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳಬೇಕು.