ಸತ್ತವರ ತಪ್ಪು

ಸತ್ತವರ ತಪ್ಪು ಎತ್ತಿ ಆಡಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ವಿಮಾನದಿಂದ ಜಿಗಿಯುವ ಅಮೆರಿಕದ ಸ್ಕೈಡೈವರುಗಳು ಮಾತ್ರ ಅದನ್ನೇ ಆಡುತ್ತಾರೆ! ಅವರ ಸಂಘ ಯುಎಸ್‌ಪಿಎಯ 'ಪ್ಯಾರಾಚೂಟಿಸ್ಟ್' ಪತ್ರಿಕೆಯಲ್ಲಿ ಸಾವಿನ ವರದಿಗಳು ಬರುತ್ತವೆ. ಹೆಸರಿರುವುದಿಲ್ಲ. ವಯಸ್ಸು, ಎಷ್ಟು ಜಿಗಿತದ ಅನುಭವ, ಏನಾಯಿತು, ಏನು ಮಾಡಬೇಕಿತ್ತು... ಇಷ್ಟೇ.

1970ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಆ ದಶಕದಲ್ಲೇ ಬಿಲ್ ಬೂತ್ ಮೂರು ಉಂಗುರಗಳ ಕೊಂಡಿ ತಂದ. ಸರಿಯಾಗಿ ಬಿಚ್ಚಿಕೊಳ್ಳದ ಪ್ಯಾರಾಚೂಟನ್ನು ಒಂದೇ ಹಿಡಿಕೆ ಎಳೆದು ಕಳಚುವುದು ಸುಲಭವಾಯಿತು. 1991ರಲ್ಲಿ ಜರ್ಮನಿಯಿಂದ ಸೈಪ್ರೆಸ್ ಬಂತು. ಜಿಗಿದವನು ಎಚ್ಚರ ತಪ್ಪಿದರೂ ಅದು ತಾನಾಗಿಯೇ ಎರಡನೇ ಪ್ಯಾರಾಚೂಟ್ ಬಿಚ್ಚುತ್ತದೆ.

ಇನ್ನೇನು ಭಯ ಅನ್ನುವಷ್ಟರಲ್ಲಿ ಚಿಕ್ಕ, ವೇಗದ ಪ್ಯಾರಾಚೂಟುಗಳು ಬಂದವು. ಚೆನ್ನಾಗಿ ಬಿಚ್ಚಿಕೊಂಡ ಪ್ಯಾರಾಚೂಟನ್ನೇ ನೆಲದ ಹತ್ತಿರ ರಭಸದಿಂದ ತಿರುಗಿಸಲು ಹೋಗಿ ಜನ ಸತ್ತರು. ಸಾಧನ ಸುರಕ್ಷಿತವಾದಷ್ಟೂ ಮನುಷ್ಯನ ಹುಂಬತನ ಹೆಚ್ಚುತ್ತದೆ ಅಂತ ಬೂತ್ ಎಚ್ಚರಿಸಿದ್ದ. ವರದಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಈ ಹೊಸ ಬಗೆಯ ಸಾವು ಕಣ್ಣಿಗೆ ಬಿತ್ತು, ಪ್ಯಾರಾಚೂಟ್ ನಡೆಸುವುದಕ್ಕೇ ಬೇರೆ ತರಬೇತಿ ಬಂತು.

2023ರಲ್ಲಿ ಅಲ್ಲಿ 36 ಲಕ್ಷಕ್ಕೂ ಹೆಚ್ಚು ಜಿಗಿತಗಳಾದವು, ಸತ್ತವರು 10 ಮಂದಿ. ಆ ಹತ್ತರ ಬಗ್ಗೆಯೂ ಬರೆದಿಡುತ್ತಾರೆ.

ಹೆಸರು ಬಿಟ್ಟು ತಪ್ಪನ್ನಷ್ಟೇ ಹೇಳಿದರೆ ಅಜ್ಜಿಯೂ ಒಪ್ಪುತ್ತಿದ್ದಳೇನೋ. ನಿಮಗೇನನ್ನಿಸುತ್ತದೆ?