ಗಡಿಯಾಚೆಯ ಕಾಡು, ಜಲಪಾತ: ರಾಧಾನಗರಿ-ದಾಜಿಪುರ

ನಿಪ್ಪಾಣಿಯಿಂದ ದೇವಗಡಕ್ಕೆ ಹೋಗುವ ರಸ್ತೆಯು ರಾಧಾನಗರಿ ದಾಟಿದ ಮೇಲೆ ಸಹ್ಯಾದ್ರಿಯ ದಟ್ಟ ಕಾಡನ್ನು ಹೊಗುತ್ತದೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿರುವ ಈ ರಾಧಾನಗರಿ ವನ್ಯಜೀವಿಧಾಮದ ವಿಸ್ತೀರ್ಣ 351 ಚದರ ಕಿ.ಮೀ. ಕಾಡುಕೋಣಗಳಿಗೆ ಹೆಸರಾದ ಈ ಅರಣ್ಯವು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಶ್ಚಿಮ ಘಟ್ಟ ತಾಣಗಳ ಪಟ್ಟಿಗೆ ಸೇರಿತು.

ಚಿಕ್ಕೋಡಿ, ರಾಯಬಾಗ, ಅಥಣಿಯವರಿಗೆ ನಿಪ್ಪಾಣಿ ಮಾರ್ಗ, ಕಾಗವಾಡದವರಿಗೆ ಮಿರಜ-ಕೊಲ್ಹಾಪುರ ಮಾರ್ಗ ಅನುಕೂಲಕರ.

ಜಲಪಾತ ಮತ್ತು ಚಾರಣ ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸುವುದು ಕಷ್ಟ. ರಾಧಾನಗರಿ ಸಮೀಪದ ರಾವುತವಾಡಿ ಜಲಪಾತ ಮೈದುಂಬುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಆಗ ದಾಜಿಪುರದ ಕಾಡುಹಾದಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಕಾಡು ಸುತ್ತಲು ಚಳಿಗಾಲ ಸೂಕ್ತ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ಮಳೆಗಾಲದಲ್ಲಿ ಹೊರಡುವವರು ನದಿಗಳ ಸ್ಥಿತಿಯನ್ನು ಮೊದಲೇ ವಿಚಾರಿಸುವುದು ಅಗತ್ಯ. ಈ ಘಟ್ಟಸಾಲಿನಲ್ಲಿ ಸುರಿದ ಮಳೆಯೇ ದೂಧಗಂಗಾ, ವೇದಗಂಗಾ ನದಿಗಳಾಗಿ ನಿಪ್ಪಾಣಿ, ಚಿಕ್ಕೋಡಿ ಭಾಗಕ್ಕೆ ಹರಿದುಬರುತ್ತದೆ. ಪ್ರವಾಹ ಏರಿದಾಗ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್ ಹಾಗೂ 2021ರ ಜುಲೈನಲ್ಲಿ ಯಮಗರ್ಣಿ ಬಳಿ ವೇದಗಂಗೆಯ ನೀರು ರಾಷ್ಟ್ರೀಯ ಹೆದ್ದಾರಿಯನ್ನೇ ಆವರಿಸಿ ಸಂಚಾರ ಸ್ಥಗಿತಗೊಂಡಿತ್ತು. ಬಿರುಸಿನ ಮಳೆ ಹಿಡಿದಾಗ ಪ್ರವಾಸವನ್ನು ಮುಂದೂಡುವುದೇ ಒಳಿತು.